ಕೆಪ್‌ಕಿಪಾ

ಮಣ್ಣು ಮಾಡಿ ಬಂದ ಮೇಲೆ ನೆಂಟರೆಲ್ಲ ಹೊರಟುಹೋದರು. ಮನೆ ಮತ್ತೆ ಬರೀ ಮನೆಯಾದ ಮೊದಲ ಬೆಳಿಗ್ಗೆ ನನ್ನ ಬಟ್ಟೆಗಳೆಲ್ಲ ಅತ್ತೆಯ ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದವು. ಹಿಂದಿನ ದಿನ ಅವರು ಅವನ್ನೆಲ್ಲ ಹಂಡೆಗೆ ಹಾಕಿ ಕಪ್ಪು ಬಣ್ಣದಲ್ಲಿ ಕುದಿಸಿದ್ದರು. ಹತ್ತಿಯ ಬಟ್ಟೆಗಳು ಬಣ್ಣ ಕುಡಿದಿದ್ದವು. ಕೆಂಪು ಸ್ವೆಟರ್ ಮಾತ್ರ ಬದನೆಕಾಯಿಯ ಬಣ್ಣಕ್ಕೆ ಬಂದು ಅಲ್ಲಿಗೇ ನಿಂತುಬಿಟ್ಟಿತ್ತು.

"ಉಣ್ಣೆ, ಸರಿಯಾಗಿ ಹಿಡೀಲಿಲ್ಲ," ಎಂದರು ಅತ್ತೆ. "ಒಳಗೆ ಹಾಕ್ಕೋ. ಮೇಲೆ ಕೋಟಿದ್ರೆ ಯಾರಿಗೂ ಕಾಣಲ್ಲ."

ಹಾಕಿಕೊಂಡೆ. ಆ ವಾರ ಯಾರು ಏನು ಹೇಳಿದರೂ ಮಾಡುತ್ತಿದ್ದೆ. ಕೂರು ಎಂದರೆ ಕೂರುತ್ತಿದ್ದೆ, ಬ್ರಾಂದಿ ಕುಡಿ ಎಂದರೆ ಕುಡಿಯುತ್ತಿದ್ದೆ. ನನ್ನ ಗಂಡ ಇಯಾಸೊನಸ್ ಮಳೆಯಲ್ಲಿ ಸ್ಕೂಟರಿನಿಂದ ಜಾರಿ ಸತ್ತ. ಅವನು ಸಾವಿರ ಸಲ ದಾಟಿದ್ದ ತಿರುವು ಅದು. ಇಷ್ಟು ಹೇಳಲು ನನಗೆ ಬರುತ್ತದೆ. ಇದರ ಮುಂದಿನದು ಬರುವುದಿಲ್ಲ.

ಮೈದುನ ಆರ್ಸೆನಿಸ್ ಬಂದ. ಬಾಗಿಲಲ್ಲೇ ನಿಂತು, "ಬದುಕು ನಿಮ್ಮದಾಗಲಿ, ಅತ್ತಿಗೆ" ಎಂದ. ಸಮಾಧಿಯ ಹತ್ತಿರವೂ ಅಂದಿದ್ದ. ನಮ್ಮಲ್ಲಿ ಸಾವಿನ ಮನೆಯವರಿಗೆ ಹೇಳುವ ಮಾತು ಅದೊಂದೇ. ಎಲ್ಲರೂ ಅದನ್ನೇ ಹೇಳುತ್ತಾರೆ, ಮತ್ತೆ ಮತ್ತೆ ಹೇಳುತ್ತಾರೆ. ಒಳಗೆ ಬಂದು ಕೂತ. ಕಾಫಿ ಕೊಟ್ಟೆ.

"ದೋಣಿ ವಿಷಯ," ಎಂದ.

"ಹೇಳು."

"ತಳಕ್ಕೆ ಬಣ್ಣ ಆಯ್ತು. ಈಸ್ಟರ್ ಒಳಗೆ ನೀರಿಗಿಳಿಸ್ಬೇಕು. ಹೆಸರೊಂದು ಬಾಕಿ."

"ಹೆಸರು ಇದೆಯಲ್ಲ."

"ಇದೆ. ಇರೋದೇ ತೊಂದ್ರೆ."

ದೋಣಿ ಮಾವನದು. ಅಣ್ಣ ತಮ್ಮ ಇಬ್ಬರಿಗೂ ಸಮನಾಗಿ ಬಂದದ್ದು. ಬೇಸಿಗೆಯಲ್ಲಿ ಪ್ರವಾಸಿಗಳನ್ನು ಹತ್ತಿಸಿಕೊಂಡು ದಕ್ಷಿಣದ ಕೊಲ್ಲಿಗಳಿಗೆ ಹೋಗಿ, ಈಜಲು ಬಿಟ್ಟು, ಕಲ್ಲಂಗಡಿ ಹೆಚ್ಚಿ ಕೊಟ್ಟು, ಸಂಜೆ ವಾಪಸು ಕರೆತರುತ್ತಿದ್ದರು. ಇಯಾಸೊನಸನ ಪಾಲು ಈಗ ನನ್ನದು. ದೋಣಿಯ ಹಿಂಬದಿಯಲ್ಲಿ ನೀಲಿ ಬಣ್ಣದ ದೊಡ್ಡ ಅಕ್ಷರಗಳಲ್ಲಿ, ನಮ್ಮ ಗ್ರೀಕ್ ಲಿಪಿಯಲ್ಲಿ, ಹೊರಗಿನವರ ಬಾಯಲ್ಲಿ ಕೊರ್ಫು ಆಗುವ ನಮ್ಮ ದ್ವೀಪದ ಹೆಸರಿದೆ: ಕೆರ್ಕಿರಾ. ಅವನೇ ಬರೆದದ್ದು. ಪ್ರತಿ ವಸಂತದಲ್ಲೂ ಅದರ ಮೇಲೆ ಇನ್ನೊಂದು ಪದರ ಹೊಡೆಯುತ್ತಿದ್ದ.

"ಕೆರ್ಕಿರಾ ಅಂತ ಫೋನಲ್ಲಿ ಹುಡುಕೋರು ಯಾರಿದಾರೆ, ಹೇಳಿ," ಎಂದ ಆರ್ಸೆನಿಸ್. "ವಿಮಾನದ ಟಿಕೆಟ್ ಮೇಲೆ ಕೊರ್ಫು. ಹೋಟೆಲ್ ಮೇಲೆ ಕೊರ್ಫು. ಮೈ ಒರೆಸ್ಕೊಳೋ ಟವೆಲ್ ಮೇಲೂ ಕೊರ್ಫು. ಅವರೆಲ್ಲ ಬರೋದು ಕೊರ್ಫುಗೆ. ನಾವು ಕೆರ್ಕಿರಾದಲ್ಲಿ ಕಾಯ್ತಾ ಕೂತಿದೀವಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನೂ ಅದನ್ನೇ ಹೇಳಿದ್ದೆ, ಅವನ ಅಣ್ಣನಿಗೆ, ಬೇರೆ ಮಾತುಗಳಲ್ಲಿ. ಸತ್ಯವನ್ನೇ ಮೈದುನನ ಬಾಯಿಂದ ಕೇಳುವಾಗ ಮಾತ್ರ ಮೈ ಉರಿಯಿತು.

"ಅಣ್ಣನ್ನ ಮರೆತಿಲ್ಲ ಅತ್ತಿಗೆ," ಎಂದ. ದನಿ ತಗ್ಗಿಸಿ ಫೋನು ತೆಗೆದು ಒಂದು ಚಿತ್ರ ತೋರಿಸಿದ. ನಮ್ಮ ದೋಣಿಯ ಹಿಂಬದಿ. ಅದರ ಮೇಲೆ ಇಂಗ್ಲಿಷಿನಲ್ಲಿ ಚಿನ್ನದ ಬಣ್ಣದ ಬರಹ: ಕೊರ್ಫು ಜೇಸನ್.

"ಜೇಸನ್ ಯಾರು?"

"ಅಣ್ಣ."

"ಯಾವ ಅಣ್ಣ?"

"ಅಯ್ಯೋ, ಇಯಾಸೊನಸ್ ಅಂದ್ರೆ ಇಂಗ್ಲಿಷಲ್ಲಿ ಜೇಸನ್ನೇ ಅಲ್ವಾ? ನೀವು ಓದಿದೋರು, ನಿಮಗೆ ನಾನು ಹೇಳ್ಬೇಕಾ?"

ಅವನ ಕಣ್ಣು ತುಂಬಿತ್ತು. ಪ್ರೀತಿಯಿಂದಲೇ ಮಾಡಿದ್ದ. ಅದಕ್ಕೇ ಬೈಯಲು ದಾರಿ ಸಿಗಲಿಲ್ಲ. ದ್ವೀಪದ ಹೆಸರನ್ನು ಅಳಿಸುವುದಿದ್ದರೆ ಅಳಿಸಲಿ. ಆ ಮನುಷ್ಯನನ್ನೂ ಅನುವಾದ ಮಾಡಿ ತೇಲಿಬಿಡಬೇಕೇ? ಐದು ವರ್ಷ ನಾನು ಜೇಸನ್ ಎಂಬ ಯಾರ ಜೊತೆಯೂ ಸಂಸಾರ ಮಾಡಿಲ್ಲ.

"ಬೇಡ," ಎಂದೆ.

"ಯೋಚ್ನೆ ಮಾಡಿ."

"ಮಾಡ್ದೆ. ಬೇಡ."

"ಅರ್ಧ ನನ್ನದು, ಅತ್ತಿಗೆ." ಇದನ್ನು ಅವನು ಕಾಫಿಯ ಲೋಟಕ್ಕೆ ಹೇಳಿದ. ಆಮೇಲೆ ಕೇಳಿದ, "ಆ ತಗಡಿನ ಅಚ್ಚುಗಳೆಲ್ಲಿ? ನಾನೇ ಬರೀತೀನಿ."

ಅಕ್ಷರ ಕೊರೆದ ಆ ತಗಡುಗಳನ್ನಿಟ್ಟೇ ಇಯಾಸೊನಸ್ ಹೆಸರು ಬರೆಯುತ್ತಿದ್ದದ್ದು. ಅವುಗಳಿದ್ದ ಡಬ್ಬಿ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ, ಆಲಿವ್ ಎಣ್ಣೆಯ ಡಬ್ಬದ ಹಿಂದೆ ಇತ್ತು. "ಗೊತ್ತಿಲ್ಲ," ಎಂದೆ. "ಸಿಕ್ಕರೂ ಪ್ರಯೋಜನವಿಲ್ಲ. ಅವು ನಮ್ಮ ಅಕ್ಷರದವು. ಇಂಗ್ಲಿಷಲ್ಲಿ ಕೊರ್ಫು ಬರೆಯೋಕೆ ಅದರಲ್ಲಿ ಸಿಗೋದು ಒಂದು 'ಓ' ಮಾತ್ರ."

ಅವನು ಮೇಜಿನ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ನೋಡಿದ. "ಥೂ," ಎಂದ. "ಸರಿ, ಬೋರ್ಡು ಬರೆಯೋ ಲಿನಾರ್ದೋಸ್ ಮುದುಕನ ಕೈಲೇ ಬರೆಸ್ತೀನಿ. ಕೈ ನಡುಗುತ್ತೆ, ಏನ್ಮಾಡೋದು. ಶಿಲುಬೆ ಮೇಲೆ ನೋಡಿದ್ರಲ್ಲ, ಕಪ್ಪಾ ಹೇಗೆ ಬರ್ದಿದಾನೆ."

ನೋಡಿದ್ದೆ. ಕಲ್ಲು ನಿಲ್ಲಿಸುವ ತನಕ ಸಮಾಧಿಯ ಮೇಲೆ ಒಂದು ಮರದ ಶಿಲುಬೆ ಇರುತ್ತದೆ. ಅದರ ಮೇಲೆ ನಮ್ಮ ಮನೆತನದ ಹೆಸರು, ಕಲೂದಿಸ್. ಅದರ ಮೊದಲ ಅಕ್ಷರ, ನಾವು ಕಪ್ಪಾ ಅನ್ನುವುದು, ಕುಡಿದವನಂತೆ ಒಂದು ಕಡೆ ವಾಲಿತ್ತು. ಉಳಿದ ಅಕ್ಷರಗಳೆಲ್ಲ ನೆಟ್ಟಗಿದ್ದವು. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದಾಗ ನಾನು ನೋಡುತ್ತಿದ್ದದ್ದು ಆ ಕಪ್ಪಾವನ್ನು. ಮಣ್ಣು ಬೀಳುವಾಗಲೂ ಅದನ್ನೇ. ಅಷ್ಟು ಸಿಟ್ಟು ಬಂದಿತ್ತು. ಬೇರೆ ಯಾವುದೂ ಬಂದಿರಲಿಲ್ಲ.

*

ಹೆಸರಿನ ಈ ಜಗಳ ಹೊಸದಲ್ಲ. ಇಯಾಸೊನಸನಿಗೆ ಕೊರ್ಫು ಎಂಬ ಮಾತು ಕಿವಿಗೆ ಬಿದ್ದರೆ ಚಪ್ಪಲಿಯೊಳಗೆ ಕಲ್ಲು ಹೊಕ್ಕಂತಾಗುತ್ತಿತ್ತು. ದಕ್ಕೆಯಲ್ಲಿ ನಮ್ಮ ಪಕ್ಕದಲ್ಲೇ ನಿಲ್ಲುತ್ತಿದ್ದ ದೋಣಿಯ ಹೆಸರು ಕೊರ್ಫು ಸ್ಟಾರ್. ಜನ ನಮ್ಮ ಹಲಗೆ ನೋಡಿ, ತಲೆ ಓರೆ ಮಾಡಿ, ಅದನ್ನು ಹತ್ತುತ್ತಿದ್ದರು.

ಹತ್ತಿದವರ ಕಾಟ ಇನ್ನೊಂದು ಬಗೆಯದು. ನಮ್ಮ ಲಿಪಿಯಲ್ಲಿ 'ರ' ಎಂಬ ಅಕ್ಷರ ನೋಡಲು ಇಂಗ್ಲಿಷಿನವರ 'ಪಿ'ಯಂತೆಯೇ ಇರುತ್ತದೆ. ಆದ್ದರಿಂದ ಕೆರ್ಕಿರಾ ಎಂದು ಬರೆದದ್ದನ್ನು ಅವರು ತಮ್ಮ ಕಣ್ಣಿನಿಂದ ಕೆಪ್‌ಕಿಪಾ ಎಂದು ಓದುತ್ತಿದ್ದರು. "ಹಲೋ, ಇದೇನಾ ಕೆಪ್‌ಕಿಪಾ?" ಎಂದು ನಗುತ್ತಾ ಬರುವರು.

"ರ! ಮೇಡಂ, ರ! ರ್ರ್ರ್!" ಎಂದು ಅವನು ದೋಣಿಯೊಳಗಿನಿಂದ ಕೂಗುವನು. ಮಕ್ಕಳ ಹತ್ತಿರ ಸಾಲಾಗಿ ಹೇಳಿಸುವನು. ಮಕ್ಕಳು ಕಲಿಯುತ್ತಿದ್ದವು. ದೊಡ್ಡವರು ಇಳಿಯುವಾಗ, "ಥ್ಯಾಂಕ್ಯೂ, ಕೆಪ್‌ಕಿಪಾ!" ಎಂದು ಕೈ ಬೀಸಿ ಹೋಗುತ್ತಿದ್ದರು.

"ಕೆಳಗೆ ಅವರ ಅಕ್ಷರದಲ್ಲೂ ಬರೆದುಬಿಡು, ಮುಗಿದು ಹೋಗತ್ತೆ," ಎಂದು ನಾನು ಎಷ್ಟು ಸಲ ಹೇಳಿದೆನೋ.

"ನಮ್ಮ ಮನೆಗೆ ಬಂದವರು ಬಾಗಿಲ ಮೇಲಿನ ಹೆಸರು ಓದೋಕೆ ಕಲೀಲಿ."

"ಅವರು ಬಂದಿರೋದು ಈಜೋಕೆ. ಓದೋಕಲ್ಲ."

"ನೀನು ಯಾರ ಕಡೆ, ಕ್ಸೆನಿ?"

ನನ್ನ ಹೆಸರು ಪೊಲಿಕ್ಸೆನಿ. ಎಲ್ಲರೂ ಕ್ಸೆನಿ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದರ ಅರ್ಥ ಹೊರಗಿನವಳು. ನಾನು ಆಚೆ ದಡದ ಯಾನ್ನಿನಾದವಳು. ಅಲ್ಲಿ ಹಳೆಯ ಗ್ರೀಕ್ ಓದಿ, ಇಲ್ಲಿ ಟ್ಯೂಷನ್ ಹುಡುಗರಿಗೆ ಅದನ್ನೇ ಹೇಳಿಕೊಡುತ್ತೇನೆ. ಆ ಪ್ರಶ್ನೆ ಕೇಳುವಾಗಲೆಲ್ಲ ಅವನಿಗೆ ನನ್ನ ಹೆಸರು ತಯಾರಾಗಿ ಸಿಗುತ್ತಿತ್ತು.

*

ಮಧ್ಯಾಹ್ನ ಅತ್ತೆ ಕಾಡುಸೊಪ್ಪಿನ ಖಾರದ ಪಲ್ಯ ತಂದರು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಮಾಂಸವಿಲ್ಲ. ಇವರಾದರೂ ನನ್ನ ಪರ ನಿಲ್ಲುತ್ತಾರೆ ಎಂದುಕೊಂಡು ಆರ್ಸೆನಿಸನ ಮಾತು ಹೇಳಿದೆ.

"ಕೆರ್ಕಿರಾ ಅನ್ನೋದು ಇಸ್ಕೂಲಿನ ಮಾತು," ಎಂದರು ಅತ್ತೆ. "ನಮ್ಮಮ್ಮ ಸಾಯೋವರೆಗೂ ಒಂದು ಸಲ ಅಂದವಳಲ್ಲ. ನಾವು ಕೊರ್ಫಿಯಾಟರು. ನನ್ನ ಗಂಡ ಕೊರ್ಫಿಯಾಟಿಸ್. ನಿನ್ನ ಗಂಡ ಕುಡಿದಾಗ ಏನಂತ ಹಾಡ್ತಿದ್ದ? 'ಕೊರ್ಫಿಯಾಟಿಸ್ ನಾನು' ಅಂತಾನೇ ಅಲ್ವಾ?"

ಅಂತಲೇ. ಅದೂ ನಿಜ. ಕೊರ್ಫು ಎಂಬ ಹೆಸರು ಇಂಗ್ಲಿಷಿನವರ ಜೇಬಿನಿಂದ ಬಿದ್ದದ್ದಲ್ಲ. ಹಳೆಯ ಕೋಟೆಯ ಎರಡು ಶಿಖರಗಳನ್ನು ನೋಡಿ, ಶಿಖರ ಎಂಬ ಅರ್ಥದ ನಮ್ಮದೇ ಮಾತಿನಿಂದ ನಮ್ಮವರೇ ಇಟ್ಟ ಹೆಸರು, ಹಡಗು ಹತ್ತಿ ಊರೂರು ತಿರುಗಿ, ಬಾಲ ಕತ್ತರಿಸಿಕೊಂಡು ವಾಪಸು ಬಂದಿದೆ. ಇದನ್ನು ನಾನೇ ಅವನಿಗೆ ಒಮ್ಮೆ ವಿವರಿಸಿದ್ದೆ. ಅವನು ಎದ್ದು ಹೋಗಿ ಬಲೆ ಜಾಡಿಸತೊಡಗಿದ್ದ.

"ಹಾಗಾದ್ರೆ ಜೇಸನ್ ಅಂತ ಬರೀಲಿ ಅಂತೀರಾ?"

ಅತ್ತೆಯ ಚಮಚ ನಿಂತಿತು. "ಯಾರು ಜೇಸನ್?"

ಆ ದಿನ ನನಗೆ ಸಿಕ್ಕ ಒಂದೇ ಒಂದು ಸಮಾಧಾನ ಅದು. ಆದರೆ ಅತ್ತೆ ಮಗನ ಹತ್ತಿರ ಮಾತಾಡಲಿಲ್ಲ. "ಇರೋ ಒಬ್ಬನ ಜೊತೆ ಜಗಳ ಆಡೋ ಶಕ್ತಿ ಇಲ್ಲ ಮಗಳೇ," ಎಂದರು. ತಟ್ಟೆ ತೊಳೆದಿಟ್ಟು ಹೋದರು.

*

ಬೋರ್ಡು ಬರೆಯುವ ಲಿನಾರ್ದೋಸ್ ಚರ್ಚಿನ ಹಿಂದಿನ ಓಣಿಯಲ್ಲಿದ್ದಾರೆ. ವಯಸ್ಸಾದವರನ್ನು ನಾವು ಬಾರ್ಬಾ ಅನ್ನುತ್ತೇವೆ. ಬಾರ್ಬಾ ಲಿನಾರ್ದೋಸ್ ಬಾಗಿಲು ತೆರೆದಿಟ್ಟುಕೊಂಡು ಒಂದು ಕಾಫಿ ಅಂಗಡಿಯ ಹಲಗೆಗೆ ಬಿಳಿ ಹಚ್ಚುತ್ತಿದ್ದರು.

"ಬದುಕು ನಿನ್ನದಾಗಲಿ," ಎಂದರು.

"ಬಾರ್ಬಾ, ನನ್ನ ಮೈದುನ ಬಂದು ದೋಣಿಗೆ ಹೆಸರು ಬರೆಯೋಕೆ ಕೇಳ್ತಾನೆ. ಆಗಲ್ಲ ಅನ್ನಿ."

"ಬಂದು ಹೋದ. ಆಗತ್ತೆ ಅಂದೆ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನಾನು ಬೋರ್ಡು ಬರೆಯೋನು ಮಗಳೇ. ಏನು ಬರೀಬೇಕು ಅಂತ ಕೇಳ್ತೀನಿ. ಯಾಕೆ ಅಂತ ಕೇಳಿದ್ರೆ ಈ ಊರಲ್ಲಿ ಊಟ ಸಿಗಲ್ಲ." ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದರು. "ಈ ಕೈಯಿಂದ ಎಷ್ಟು ಕೊರ್ಫು ಬರ್ದಿಲ್ಲ. ಬಿಯರ್ ಅಂಗಡಿ, ಸ್ಕೂಟರ್ ಬಾಡಿಗೆ, ಎಲ್ಲ ಕೊರ್ಫು. ನಿನ್ನ ಗಂಡ ದಿನಾ ಇಲ್ಲಿ ನಿಂತು ಬೈಯೋನು. ಬೈದ ಮೇಲೆ ಸಿಗರೇಟು ಕೇಳೋನು."

ನನಗೆ ಅಲ್ಲಿಂದ ಹೊರಟುಬಿಡಬೇಕು ಅನ್ನಿಸಿತು. ಆದರೆ ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತು ತಾನಾಗಿ ಹೊರಗೆ ಬಂತು.

"ಎಲ್ಲಾ ಬರೀತೀರಿ. ಶಿಲುಬೆ ಮೇಲಿನ ಒಂದು ಅಕ್ಷರ ನೆಟ್ಟಗೆ ಬರೆಯೋಕೆ ಆಗಲಿಲ್ವಾ? ಅವನು ನಿಮ್ಮ ಸ್ನೇಹಿತ."

ಅವರು ನನ್ನನ್ನೇ ನೋಡಿದರು. ಬಣ್ಣ ಮೆತ್ತಿದ ತಮ್ಮ ಬಲಗೈ ಎತ್ತಿ ತೋರಿಸಿದರು. ಅದು ಗಾಳಿಯಲ್ಲಿನ ಎಲೆಯಂತೆ ಆಡುತ್ತಿತ್ತು.

"ಬರಿಗೈಲಿ ಬರೆಯೋದು ನಾನು ಬಿಟ್ಟು ವರ್ಷಗಳಾಯ್ತು. ಅಚ್ಚು ಇಟ್ಟು ಬಣ್ಣ ಒತ್ತೋದಷ್ಟೇ. ಶಿಲುಬೆಗೂ ಅಚ್ಚಿಟ್ಟೇ ಬರೆದೆ. ದೊಡ್ಡ ಸೆಟ್ಟಿಲ್ಲ, ಸಣ್ಣ ಸೆಟ್ಟಿದೆ. ಸಣ್ಣದರಲ್ಲಿ ಕಪ್ಪಾ ಇಲ್ಲ, ಮುರಿದು ಹೋಯ್ತು, ಅದೊಂದನ್ನ ಬರಿಗೈಲೇ ಎಳೆದೆ. ದೊಡ್ಡ ಸೆಟ್ಟಲ್ಲಿ ಒಳ್ಳೇ ಕಪ್ಪಾ ಇತ್ತು." ಕುಂಚದಿಂದ ನನ್ನ ಕಡೆ ತೋರಿಸಿದರು. "ಆ ಸೆಟ್ಟು ನಿಮ್ಮನೇಲಿದೆ. ಎರಡು ದಿನಕ್ಕೆ ಅಂತ ಒಯ್ದ. ನಿಮ್ಮ ಮದುವೆಯ ವರ್ಷ."

ತೊಟ್ಟಿಯ ಕೆಳಗಿನ ಡಬ್ಬಿ ನನ್ನ ಕಣ್ಣ ಮುಂದೆ ಬಂತು.

"ಕೇಳ್ದಾಗೆಲ್ಲ ನಾಳೆ ಬಾರ್ಬಾ, ನಾಳೆ ಬಾರ್ಬಾ ಅನ್ನೋನು. ನಾನೂ ಸುಮ್ಮನಾದೆ. ಕಪ್ಪಾ ಇಲ್ದೆ ಕಾಫಿ ಅಂಗಡಿ ಬೋರ್ಡು ಬರೆಯೋದು ಎಷ್ಟು ಕಷ್ಟ ಗೊತ್ತಾ ನಿನಗೆ? ಅವನ ಹೆಸರಿಗೂ ಅವನೇ ಅಡ್ಡ ಬಂದ. ನಾನೇನು ಮಾಡ್ಲಿ?"

ನಗು ಬಂತೋ ಏನೋ, ಎದೆಯಲ್ಲಿ ಒಂದು ಸದ್ದಾಯಿತು. ಸತ್ತ ಮೇಲೂ ಅವನ ಹಟ ಅವನ ಶಿಲುಬೆಯ ಮೇಲೆಯೇ ಸೊಟ್ಟಗೆ ಕೂತಿತ್ತು. ಯಾರನ್ನು ಬೈಯುವುದು?

"ತಂದುಕೊಡು," ಎಂದರು. "ಹೆಸರೆಲ್ಲ ಅದರಲ್ಲೇ ತಿದ್ದಿ ಬರೆದುಕೊಡ್ತೀನಿ. ಅವತ್ತೇ."

ಅಚ್ಚು ತಂದುಕೊಟ್ಟರೆ ಶಿಲುಬೆ ಸರಿಯಾಗುತ್ತದೆ. ಆದರೆ ಆರ್ಸೆನಿಸ್ ಅಳಿಸಿಬಿಟ್ಟರೆ, ಅಚ್ಚಿಲ್ಲದೆ ದೋಣಿಯ ಮೇಲಿನ ಹೆಸರನ್ನು ಉಳಿಸಿಕೊಳ್ಳುವ ದಾರಿ ನನಗಿರಲಿಲ್ಲ. ನನ್ನ ಕೈ ನಡುಗುವುದಿಲ್ಲ, ಅಷ್ಟೇ; ಬರಿಗೈಯಲ್ಲಿ ಬರೆಯಲು ನನಗೂ ಬಾರದು.

"ಇನ್ನೆರಡು ದಿನ, ಬಾರ್ಬಾ," ಎಂದೆ.

"ಅವನೂ ಹಾಗೇ ಅಂದ," ಎಂದು ಹಲಗೆಗೆ ತಿರುಗಿದರು.

*

ಮರುದಿನ ದೋಣಿ ಎಳೆದಿಟ್ಟಿದ್ದ ಅಂಗಳಕ್ಕೆ ಹೋದೆ. ದೂರದಿಂದಲೇ ಯಂತ್ರದ ಕರಕರ ಸದ್ದು ಕೇಳುತ್ತಿತ್ತು. ಆರ್ಸೆನಿಸ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೋಣಿಯ ಹಿಂಬದಿಯನ್ನು ಉಜ್ಜುತ್ತಿದ್ದ. ನೆಲದ ಮೇಲೆ ನೀಲಿ ಪುಡಿ. ಅವನ ಹುಬ್ಬಿನ ಮೇಲೂ ನೀಲಿ ಪುಡಿ. ಹೆಸರಿದ್ದಲ್ಲಿ ಬರೀ ಮರ.

"ಕೇಳಿಬಿಟ್ಟು ಮಾಡ್ಬೇಕು ಅಂತಿದ್ದೆ," ಎಂದ. ಯಂತ್ರ ನಿಲ್ಲಿಸಿರಲಿಲ್ಲ.

"ಯಾವಾಗ? ಮಾಡಿದ ಮೇಲಾ?"

"ಕೇಳಿದ್ರೆ ನೀವು ಬೇಡ ಅಂತೀರಲ್ಲ!"

ಅವನ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಯಾರ ಮಾತಿನಲ್ಲೂ ತಪ್ಪಿರಲಿಲ್ಲ. ಎಲ್ಲರೂ ಸರಿಯಾಗಿ ಮಾತಾಡುತ್ತಿದ್ದರು, ಮತ್ತು ನನ್ನ ಗಂಡ ಬರೆದದ್ದು ನನ್ನ ಚಪ್ಪಲಿಗೆ ಅಂಟುತ್ತಿತ್ತು.

ಆಗ ಗೇಟಿನ ಕಡೆಯಿಂದ ಮಿಸೆಸ್ ಪ್ರುಡೆನ್ಸ್ ಬಂದಳು. ಮೇಲಿನ ಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ಇಂಗ್ಲಿಷ್ ಮುದುಕಿ. ಚಳಿಗಾಲಕ್ಕೆ ತನ್ನ ದೇಶಕ್ಕೆ ಹೋಗಿ, ಬೆಚ್ಚಗಾಗುತ್ತಿದ್ದಂತೆ ವಾಪಸು ಬರುತ್ತಾಳೆ. ಬಂದ ವಾರವೇ ನಮ್ಮ ದೋಣಿ ಯಾವಾಗ ಹೊರಡುತ್ತದೆ ಎಂದು ಕೇಳಿಕೊಂಡು ಬರುವುದು ಅವಳ ಪದ್ಧತಿ. ಬೋಳು ಹಿಂಬದಿಯ ಮುಂದೆ ನಿಂತು, ಕಲಿತ ಅಷ್ಟಿಷ್ಟು ಗ್ರೀಕಿನಲ್ಲಿ ಕೇಳಿದಳು:

"ಎಲ್ಲಿ ಕೆಪ್‌ಕಿಪಾ?"

ಆರ್ಸೆನಿಸ್ ಯಂತ್ರ ನಿಲ್ಲಿಸಿದ. "ಇದೇ. ಹೊಸ ಹೆಸರು ಬರತ್ತೆ. ಕೊರ್ಫು. ನೀವು ಓದ್ಬಹುದು."

"ಕೊರ್ಫು ಬೇಡ. ಕೊರ್ಫು ತುಂಬ ಇದೆ." ಅವಳು ದಕ್ಕೆಯ ಕಡೆ ಕೈ ತೋರಿಸಿದಳು. "ಕೊರ್ಫು, ಕೊರ್ಫು, ಕೊರ್ಫು. ಕೆಪ್‌ಕಿಪಾ ಒಂದು. ನನ್ನ ತಂಗಿಗೆ ಹೇಳಿದೆ, ಬಾ, ಕೆಪ್‌ಕಿಪಾ ಹತ್ತೋಣ. ಅವಳು ಬರ್ತಾ ಇದಾಳೆ." ಆಮೇಲೆ ಸುತ್ತ ನೋಡಿ, ಒಂದೊಂದೇ ಅಕ್ಷರವನ್ನು ನನ್ನ ಗಂಡ ಕಲಿಸಿದಂತೆ ಬಿಡಿಸಿ ಕೇಳಿದಳು: "ಇ-ಯಾ-ಸೊ-ನಸ್ ಎಲ್ಲಿ?"

ಆರ್ಸೆನಿಸ್ ಬಾಯಿಗೆ ಕಟ್ಟಿದ್ದ ಬಟ್ಟೆ ಇಳಿಸಿದ. ನನ್ನ ಕೋಟಿನ ಕೆಳಗೆ ಇಣುಕುತ್ತಿದ್ದ ಕಪ್ಪು ಲಂಗವನ್ನು ಅವಳು ನೋಡಿದಳು. ಹೇಳಬೇಕಾಗಲಿಲ್ಲ. ನನ್ನ ಕೈ ಹಿಡಿದು, "ಬದುಕು ನಿನ್ನದಾಗಲಿ" ಎಂದಳು. ಆ ಮಾತನ್ನು ತಪ್ಪಿಲ್ಲದೆ ಹೇಳಿದಳು. ಅದನ್ನು ಯಾರು ಕಲಿಸಿದ್ದರೋ.

*

ಸಂಜೆ ಆರ್ಸೆನಿಸ್ ಬಾಗಿಲು ತಟ್ಟಿದ. ಒಳಗೆ ಬರಲಿಲ್ಲ.

"ಅಚ್ಚುಗಳನ್ನ ಹುಡುಕಿ ಅತ್ತಿಗೆ."

"ಯಾಕೆ?"

ಫೋನು ಮುಂದೆ ಹಿಡಿದ. "ಸುಮ್ನೆ ಹುಡುಕ್ದೆ. ಕೊರ್ಫು ದೋಣಿ ಅಂದ್ರೆ ನಾವು ಎಲ್ಲೂ ಇಲ್ಲ. ಅವರ ಅಕ್ಷರದಲ್ಲಿ ಕೆಪ್‌ಕಿಪಾ ಅಂತ ಹೊಡೆದ್ರೆ ಬರೀ ನಾವೇ. ನೋಡಿ. 'ಕೆಪ್‌ಕಿಪಾ ಹತ್ತಿ, ಕ್ಯಾಪ್ಟನ್ ಕೂಗಾಡ್ತಾನೆ, ಆದರೆ ಕಲ್ಲಂಗಡಿ ಚೆನ್ನಾಗಿದೆ.' ಇನ್ನೊಂದು. 'ಕೆಪ್‌ಕಿಪಾ ಅಂದ್ರೆ ಗ್ರೀಕಲ್ಲಿ ಡಾಲ್ಫಿನ್ ಅಂತ.' ಯಾರು ಹೇಳಿದ್ರೋ ಇವರಿಗೆ!" ಅವನು ನಗುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. "ಹಳೇ ಹೆಸರೇ ಬರೆಯೋಣ. ಒಂದಕ್ಷರ ಬದಲಿಸೋದು ಬೇಡ. ನಾವು ಕೆರ್ಕಿರಾ ಅಂತ ಓದ್ಕೊಳೋಣ, ಅವರು ಕೆಪ್‌ಕಿಪಾ ಅಂತ ಓದ್ಕೊಳ್ಲಿ. ಎರಡೂ ಕಡೆಗೆ ಆಯ್ತಲ್ಲ."

ನಾನು ಕೇಳಿದ್ದು ನನಗೆ ಸಿಕ್ಕಿತ್ತು. ಅದೂ ಹೀಗೆ. ಯಾವ ತಪ್ಪಿನ ಮೇಲೆ ನನ್ನ ಗಂಡ ಬೇಸಿಗೆಗಟ್ಟಲೆ ಗಂಟಲು ಹರಿದುಕೊಂಡನೋ ಆ ತಪ್ಪೇ ಅವನು ಬರೆದ ಹೆಸರನ್ನು ಉಳಿಸಿತು. ಇದನ್ನು ಕೇಳಿದ್ದರೆ ಇಯಾಸೊನಸ್ ಮನೆಯ ಹೆಂಚು ಹಾರಿಹೋಗುವಂತೆ ಕೂಗುತ್ತಿದ್ದ. ಆ ಕೂಗನ್ನು ಕೇಳಬೇಕು ಎಂದು ಎಷ್ಟು ಜೋರಾಗಿ ಅನ್ನಿಸಿತೆಂದರೆ, ನಾನು ತೊಟ್ಟಿಯ ಕೆಳಗೆ ತಲೆ ಹಾಕಿ, ಎಣ್ಣೆ ಡಬ್ಬ ಸರಿಸುವ ನೆಪದಲ್ಲಿ, ಬಹಳ ಹೊತ್ತು ಅಲ್ಲೇ ಇದ್ದೆ. ಆರ್ಸೆನಿಸ್ ಹೊರಗೆ ಕಾದ. ಅವಸರ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬರೂ ಸೇರಿ ಬರೆದೆವು. ನಾನು ಅಚ್ಚು ಒತ್ತಿ ಹಿಡಿದೆ, ಅವನು ಬಣ್ಣ ಒತ್ತಿದ. ಎರಡನೆಯ 'ರ'ದ ಹತ್ತಿರ ಅವನು ಕೇಳಿದ, "ಜೇಸನ್ ಅಂದಿದ್ದಕ್ಕೆ ಸಿಟ್ಟಾ?"

"ಹೌದು."

"ಇನ್ನೂ?"

"ಕುಂಚ ಸರಿಯಾಗಿ ಹಿಡ್ಕೊ. ಸೋರ್ತಾ ಇದೆ."

*

ಬಣ್ಣ ಒಣಗುವ ಮೊದಲೇ ಡಬ್ಬಿ ಎತ್ತಿಕೊಂಡು ಚರ್ಚಿನ ಹಿಂದಿನ ಓಣಿಗೆ ಹೋದೆ. ಬಾರ್ಬಾ ಲಿನಾರ್ದೋಸ್ ಮುಚ್ಚಳ ತೆಗೆದು ತಗಡುಗಳನ್ನು ಇಸ್ಪೀಟಿನ ಎಲೆಗಳಂತೆ ಒಂದೊಂದಾಗಿ ತಿರುವಿದರು. ಕಪ್ಪಾ ಸಿಕ್ಕಿದಾಗ ಬೆಳಕಿಗೆ ಹಿಡಿದರು.

"ಒಂದು ಸಲವೂ ತೊಳೆದಿಲ್ಲ ನಿನ್ನ ಗಂಡ."

"ಇಲ್ಲ."

ವರ್ಷವರ್ಷದ ನೀಲಿ ಅಂಚಿನಲ್ಲಿ ಗಟ್ಟಿಯಾಗಿ ಕೂತು ಅಕ್ಷರದ ತೂತು ಕಿರಿದಾಗಿತ್ತು. ಮೇಲೆ ಇವತ್ತಿನ ಹಸಿ ನೀಲಿ.

"ಹೀಗೇ ಇಟ್ಟು ಬರೆದ್ರೆ ಕಾಲು ಸಣ್ಣ ಬರತ್ತೆ," ಎಂದರು. ಥಿನ್ನರ್ ಶೀಸೆ ಎಳೆದುಕೊಂಡು ಬಟ್ಟೆ ನೆನೆಸಿದವರು, ತಗಡಿಗೆ ತಾಗಿಸದೆ ನನ್ನ ಮುಖ ನೋಡಿದರು. "ಉಜ್ಜಲಾ?"

ಆ ಕಪ್ಪಾವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದೆ. ಬೆರಳಿಗೆ ನೀಲಿ ಹತ್ತಿತು. ಮತ್ತೆ ಅವರ ಮುಂದಿಟ್ಟೆ.

"ಉಜ್ಜಿ, ಬಾರ್ಬಾ. ನಿಮ್ಮದಲ್ವಾ."